ಹೆಸರಿನ ಮಟ್ಟಿಗೆ

ಲೀಡ್ಸ್ ಕೋರ್ಟಿನ ನಾಲ್ಕನೇ ಮಹಡಿಯಲ್ಲಿ
ನಮ್ಮ ಸರದಿ ಹನ್ನೊಂದೂಕಾಲಿಗೆ.
ಗಾರ್ಬಟ್ ಟೈ ಕಟ್ಟಿದ್ದಾನೆ,
ತಮ್ಮನನ್ನು ಮಣ್ಣು ಮಾಡಿದ ದಿನ ಕಟ್ಟಿದ್ದೂ ಅದನ್ನೇ.
ಎಷ್ಟು ತಿಕ್ಕಿದರೂ ಉಗುರ ಸಂದಿಯ ಸಿಮೆಂಟು
ಸಾಕ್ಷಿ ಹೇಳಲು ಬಂದಂತೆ ಕೂತೇ ಇದೆ.

ನಾನು ಅವನ ಲೆಕ್ಕದವಳು.
ಹನ್ನೆರಡು ವರ್ಷ ಪೌಂಡು ಪೆನ್ಸು ಬರೆದೂ
ಕೂಡುವಾಗ ತುಟಿಗೆ ಬರುವುದು
ಏಳೆಂಟ್ಲ ಐವತ್ತಾರು.
ಮಡಿಲಲ್ಲಿ ಮೂರು ಫೈಲು, ಕಾಲ ಬಳಿ ನಾಲ್ಕು,
ಏಳರಲ್ಲೂ ಇರುವುದು ಒಂದೇ ಮಾತು:
ಕಲ್ಲಿನ ದುಡ್ಡು ಬಂದಿಲ್ಲ.

ಕಲ್ಲೆಂದರೆ ನಾರ್ವೆಯಿಂದ ಬಾರ್ಜಿನಲ್ಲಿ ಬಂದ ಕಲ್ಲು,
ಒಂದೊಂದೂ ಒಂದು ಕಾರಿನಷ್ಟು.
ಸ್ಕೆಲ್‌ತೋರ್ಪಿನ ಅಂಚು ವರ್ಷಕ್ಕೆ ಎರಡು ಗಜ
ಕಡಲಿಗೆ ಸಂದಾಯವಾಗುತ್ತದೆ,
ತಪ್ಪದೆ, ಬಿಲ್ಲಿಲ್ಲದೆ.
ಗೋಡೆ ಕಟ್ಟು ಎಂದಿತು ಕೌನ್ಸಿಲ್ಲು.
ನಕ್ಷೆಯಲ್ಲಿ ಬುಡಕ್ಕೆ ಗಟ್ಟಿ ಜೇಡಿ.
ಅಗೆದರೆ
ಗಂಜಿ.
ಎಂಜಿನಿಯರ್ ಮಾಲ್ಟ್‌ಬಿ ಬೂಟು ಹೂತಲ್ಲೇ ನಿಂತು ಹೇಳಿದ:
"ಹಾಕು ಗಾರ್ಬಟ್, ಇನ್ನೂ ಮುನ್ನೂರು ಟನ್ನು ಹಾಕು,
ಕಾಗದ ಆಮೇಲೆ ಕಳಿಸ್ತೀನಿ."
ಕಲ್ಲು ಬಿತ್ತು. ಕಾಗದ ಬರಲಿಲ್ಲ.
ನಿವೃತ್ತನಾದ ಆರು ತಿಂಗಳಿಗೆ ಮಾಲ್ಟ್‌ಬಿಗೆ
ಮಾತೂ ಹೋಯಿತು, ಬರೆಯುವ ಕೈಯೂ.

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ,
ಗೊಣಗಿದೆ. ಗಾರ್ಬಟ್ ಅರ್ಥ ಕೇಳಿದ. ಹೇಳಿದೆ.
"ಈರಭದ್ರ ಯಾರು?"
ಎದುರು ಬೆಂಚಿನಲ್ಲಿ ಮಿಂಟು ಚೀಪುತ್ತಿದ್ದ
ಕೌನ್ಸಿಲ್ಲಿನ ವಕೀಲನತ್ತ ಕಣ್ಣು ಮಾಡಿದೆ.

ಕರಾರಿನ ಅರವತ್ತಾರನೇ ಕಲಮು:
ತಕರಾರು ಬಂದಲ್ಲಿ, ಇಬ್ಬರೂ ಒಪ್ಪಿದ ಮಧ್ಯಸ್ಥರು.
ಇಬ್ಬರೂ ಒಪ್ಪುವುದಿದ್ದರೆ
ತಕರಾರು ಬಂದೀತು ಯಾತಕ್ಕೆ?
ನಾವು ಕಳಿಸಿದ ಮೊದಲ ಹೆಸರು ದುಬಾರಿ.
ಎರಡನೆಯಾತ ಗಾರ್ಬಟ್‌ನ ಭಾವನ ಜೊತೆ
ಮೀನು ಹಿಡಿದಿದ್ದನಂತೆ, ತೊಂಬತ್ತೆಂಟರಲ್ಲಿ.
ಮೂರನೆಯದಕ್ಕೆ ಉತ್ತರವೇ ಇಲ್ಲ.
ಇಪ್ಪತ್ತೆಂಟು ದಿನ ಬಾಗಿಲಲ್ಲಿ ನಿಂತ ನನ್ನ ಮುಖ
ಅಂಚೆಯವನಿಗೆ ಕಂಠಪಾಠವಾಯಿತು.
ನಡುವೆ ಕ್ರೇನು ಮಾರಿದೆವು.
ನಾಲ್ವರು ಹುಡುಗರು ಗ್ರಿಮ್ಸ್‌ಬಿ ಹಾದಿ ಹಿಡಿದರು,
ಒಬ್ಬ ನನ್ನ ಕ್ಯಾಲ್ಕುಲೇಟರನ್ನೂ ಒಯ್ದ, ಪಾಪ,
ಎರಡು ವಾರದ ಸಂಬಳ ಬಾಕಿಯಿತ್ತು.

ನ್ಯಾಯಾಧೀಶೆಗೆ ನೆಗಡಿ.
"ಕಲ್ಲೆಷ್ಟು, ಹೇಳಿದ್ದು ಯಾರು, ಅದು ನನ್ನ ಮುಂದಿಲ್ಲ.
ಹೆಸರಿಲ್ಲದ ಕಡೆ ಹೆಸರು ಬರೆಯುವುದಷ್ಟೇ ಇಂದಿನ ಕೆಲಸ."
ವಕೀಲ ಎದ್ದ. ತಕರಾರೇ ಇಲ್ಲವೆಂದ,
ಇದ್ದರಲ್ಲವೆ ಮಧ್ಯಸ್ಥರು?
ಆಕೆ ಕನ್ನಡಕ ತೆಗೆದಳು:
"ಹಾಗಾದರೆ ನೀವೇಕೆ ಬಂದಿರಿ?"

ಹದಿನೇಳು ನಿಮಿಷ.
ಮೂರು ವರ್ಷಕ್ಕೆ ಸಿಕ್ಕಿದ್ದು ಒಂದು ಹೆಸರು:
ವಿನಿಫ್ರೆಡ್ ಸ್ಕೇಫ್. ಸೇತುವೆ ಕಟ್ಟಿ ಕಟ್ಟಿ
ತಲೆ ನರೆತವಳು ಎಂದರು ಯಾರೋ.
ಬಿಡಿಕಾಸು ಇಲ್ಲ.
ಮೆಟ್ಟಿಲ ಮೇಲೆ ಗಾರ್ಬಟ್ ಟೈ ಸಡಿಲಿಸಿ ಕೇಳಿದ:
"ಗೆದ್ದೆವಾ?"
ಹೆಸರಿನ ಮಟ್ಟಿಗೆ, ಎಂದೆ.

ವಾರಕ್ಕೆ ಆಕೆಯ ಪತ್ರ, ಮೂರೇ ಸಾಲು.
ಫೈಲು ಆಮೇಲೆ.
ಮೊದಲು ಇಳಿತದ ಹೊತ್ತಿಗೆ ಗೋಡೆ ನೋಡಬೇಕು.
ಬೂಟು ಬೇಕು, ಅಳತೆ ಆರು.
ತಂದೇಬಿಡುತ್ತೇನೆ ಎಂದು ಹೊರಟ ಗಾರ್ಬಟ್‌ನ
ತೋಳು ಹಿಡಿದು ಕೂರಿಸಿದೆ:
ನೀನು ಕೊಟ್ಟರೆ ಅದು ಲಂಚ, ಮಾರಾಯ.
ಕೌನ್ಸಿಲ್ಲಿಗೆ ಬರೆದೆ: ಅರ್ಧ ನಿಮ್ಮದು, ಅರ್ಧ ನಮ್ಮದು.
ಸಂಜೆಯೊಳಗೆ ಒಪ್ಪಿಗೆ ಬಂತು, ಮೊಹರು ಸಮೇತ.

ಪುಸ್ತಕ ತೆರೆದು ಬರೆದುಕೊಂಡೆ,
ಇಬ್ಬರೂ ಒಪ್ಪಿದ ಮೊದಲ ಲೆಕ್ಕ:
ಬೂಟು, ಒಂದು ಜೊತೆ, ಇಪ್ಪತ್ತೆಂಟು ಪೌಂಡು.

ಅವರ ಪಾಲಿನ ಹದಿನಾಲ್ಕು
ಇನ್ನೂ ಬಂದಿಲ್ಲ.