ಸೂಲಗಿತ್ತಿಯ ಕೊಳವೆ

ಝೊಂಗುಲ್ದಾಕಿನ ಮೇಲಿನ ಗುಡ್ಡದಲ್ಲಿ ಎರಡು ಬಗೆಯ ಗಣಿ:
ಸರ್ಕಾರದ್ದೊಂದು, ಕಳ್ಳರದ್ದೊಂದು.
ಕಲ್ಲಿದ್ದಲು ಮಾತ್ರ ಒಂದೇ. ಕೆಮ್ಮೂ ಒಂದೇ.

ಮಂಗಳವಾರ ನಸುಕಿಗೆ ಕುಸಿದದ್ದು ಕಳ್ಳರದ್ದು.
ಹೇಝಲ್ ಗಿಡಗಳ ನಡುವೆ
ಹಳೇ ಬಾಗಿಲೊಂದನ್ನು ಮುಚ್ಚಳ ಮಾಡಿ ಬಚ್ಚಿಟ್ಟ ಬಾಯಿ.
ಒಳಗೆ ನಾಲ್ವರು. ಅವರಲ್ಲೊಬ್ಬ ದುರ್ಸುನ್.

ಅವನನ್ನು ಈ ಲೋಕಕ್ಕೆ ಎಳೆದವಳು ನಾನು,
ಹಿಮ ಬಿದ್ದು ದಾರಿ ಕಟ್ಟಿದ್ದ ರಾತ್ರಿ, ಕಾಲು ಮುಂದಾಗಿ.
ಅವನಿಗಿಂತ ಮೊದಲಿನ ಎರಡು ಕೂಸು
ಎದೆಹಾಲು ಕಚ್ಚುವ ಮುಂಚೆಯೇ ಹೋಗಿದ್ದವು.
ಅದಕ್ಕೇ ಆ ಹೆಸರು. ನಮ್ಮ ಮಾತಿನಲ್ಲಿ ದುರ್ಸುನ್ ಎಂದರೆ
ಇದೊಂದು ಇರಲಿ, ಉಳಿಯಲಿ ಎಂದು.
ಹೆಸರಲ್ಲ ಅದು, ಅರ್ಜಿ.

ಸರ್ಕಾರಿ ಗಣಿಯ ರಕ್ಷಣಾ ಪಡೆ ಬಂತು,
ಕಿತ್ತಳೆ ಅಂಗಿ, ಬೆನ್ನಿಗೆ ಗಾಳಿಯ ಡಬ್ಬಿ.
ನಾಯಕ ಕಾಮುರಾನ್ ನಕ್ಷೆ ಬಿಡಿಸಿದ.
ಅದರಲ್ಲಿ ನಮ್ಮ ಗುಡ್ಡ ಇಡಿಯಾಗಿತ್ತು, ಒಂದೂ ತೂತಿಲ್ಲ.
"ಎಲ್ಲಿ ಅಗೆಯಲಿ?" ಎಂದ. ಯಾರೂ ತುಟಿ ಪಿಟಕ್ಕೆನ್ನಲಿಲ್ಲ.
ಗೊತ್ತಿದ್ದವರೆಲ್ಲ ತಂತಮ್ಮ ಬೂಟು ನೋಡುತ್ತಿದ್ದರು.

ಆಮೇಲೆ ರಿಫ್ಕಿ ಮುಂದೆ ಬಂದ.
ಎರಡು ಸಲ ಸಿಕ್ಕಿಬಿದ್ದವ; ಮೂರನೆಯದಕ್ಕೆ
ಜೈಲೇ ಗತಿ ಎಂದಿದ್ದರು ನ್ಯಾಯಾಧೀಶರು.
ಪೊಲೀಸ್ ಜೀಪಿನ ಧೂಳಿನ ಮೇಲೇ ಬೆರಳಲ್ಲಿ ಬರೆದ:
ಇದು ಬಾಯಿ. ಇಲ್ಲಿ ತೆವಳಬೇಕು. ಇಲ್ಲಿ ನೀರು.
ಇಲ್ಲಿಂದ ಸರ್ಕಾರದ ಹಳೇ ಸುರಂಗಕ್ಕೆ ಎಂಟು ಮೊಳ.
ಎಂಟೇ ಮೊಳ! ಕಾಮುರಾನ್ ಅವನ ಭುಜ ಹಿಡಿದುಕೊಂಡ.
ಆ ಜೀಪನ್ನು ಎರಡು ದಿನ ಯಾರೂ ಒರೆಸಲಿಲ್ಲ.

ಬೇಕರಿಯವನು ಒಲೆ ಆರಿಸಲಿಲ್ಲ.
ಮೀನು ದೋಣಿಯವರು ಪಂಪು ಹೊತ್ತು ಗುಡ್ಡ ಹತ್ತಿದರು.
ಮದುವೆ ಹಾಲಿನ ಜನರೇಟರು ಬಂತು,
ಆವತ್ತಿನ ಮದುವೆ ಟಾರ್ಚಿನ ಬೆಳಕಲ್ಲೇ ಮುಗಿಯಿತು.
ಬೇಲಿಯ ಜಗಳಕ್ಕೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದ ಇಬ್ಬರು
ಒಂದೇ ತೊಲೆಯ ಎರಡು ತುದಿ ಹಿಡಿದು ಬಂದರು.
ಆಗಲೂ ಮಾತಾಡಲಿಲ್ಲ.

ಎರಡನೆಯ ರಾತ್ರಿ ಅಂಕಾರಾದಿಂದ
ನೆಲಕ್ಕೆ ಕಿವಿಗೊಡುವ ಯಂತ್ರ ಬಂತು.
ಅದಕ್ಕೆ ಎಲ್ಲವೂ ಕೇಳಿಸಿತು, ಪಂಪು, ನಾಯಿ, ಹೆಂಗಸರ ಬಿಕ್ಕು,
ಬೇಕಾದ್ದೊಂದು ಬಿಟ್ಟು.
ನಾನು ಕೋಟಿನ ಜೇಬಿನಿಂದ ಕೊಳವೆ ತೆಗೆದೆ.
ಅಖರೋಟು ಮರದ್ದು, ಗೇಣುದ್ದ,
ಬಸುರಿಯ ಹೊಟ್ಟೆಗಿಟ್ಟು ಕೂಸಿನ ಎದೆ ಕೇಳುವಂಥದ್ದು.
ಹುಡುಗರು ನಕ್ಕರು. ಕಾಮುರಾನ್ ನಗಲಿಲ್ಲ.
"ಎಲ್ಲ ನಿಲ್ಲಿಸಿ" ಎಂದ.

ಪಂಪು ನಿಂತಿತು. ಲಾರಿ ನಿಂತವು.
ನಾಯಿಗಳ ಮೂತಿಯನ್ನು ಮಕ್ಕಳು ಅಂಗೈಯಲ್ಲಿ ಹಿಡಿದರು.
ನಸುಕಿನ ಬಾಂಗಿನ ಹೊತ್ತದು; ಇಮಾಮರು ಮೈಕು ಆರಿಸಿ
ಮಸೀದಿಯ ಮೆಟ್ಟಿಲಲ್ಲಿ ನಿಂತು
ಬರೀ ಉಸಿರಲ್ಲಿ ಕರೆದರು.
ಸಮುದ್ರವೊಂದು ಹೇಳಿದ ಮಾತು ಕೇಳಲಿಲ್ಲ.

ಬಂಡೆಯ ಮೇಲೆ ಬೋರಲು ಮಲಗಿ ಕೊಳವೆಯಿಟ್ಟೆ.
ಮೊದಲು ಕೇಳಿದ್ದು ನನ್ನದೇ ರಕ್ತ.
ಬಸುರಿಯಲ್ಲೂ ಹಾಗೇ, ಮೊದಲು ಕೇಳುವುದು ತಾಯಿಯದು,
ಅದರ ಬೆನ್ನಿಗೆ ಅವಸರದ್ದು, ಚಿಕ್ಕದು. ಕಾಯಬೇಕು.
ಕಾದೆ.
ಟಕ್ ಟಕ್.
ಬಿಡುವು.
ಟಕ್.
ಬಾಯಿ ತೆರೆಯಲು ಹೆದರಿ, ಕೈಯೆತ್ತಿ ಎಡಕ್ಕೆ ತೋರಿಸಿದೆ.

ಎಂಟು ಮೊಳಕ್ಕೆ ಹದಿನೇಳು ಗಂಟೆ ಹಿಡಿಯಿತು.
ಸರ್ಕಾರದವರದೊಂದು ಪಾಳಿ, ಕಳ್ಳರದೊಂದು ಪಾಳಿ;
ಮಸಿ ಮೆತ್ತಿದ ಮೇಲೆ ಯಾರು ಯಾರೆಂದು
ಹೆಂಡಿರಿಗೂ ತಿಳಿಯಲಿಲ್ಲ.
ಮುದುಕ ಸಾತಿಲ್ಮಿಶ್‌ನನ್ನು ಕಂಬಳಿಯಲ್ಲಿ ಮುಖ ಮುಚ್ಚಿ ತಂದರು.
ಉಳಿದ ಮೂವರು ಬದುಕಿ ಬಂದರು.
ದುರ್ಸುನ್ ಕೊನೆಗೆ, ಈ ಸಲವೂ ಕಾಲು ಮುಂದಾಗಿ.
ಅವನಮ್ಮ ನನ್ನ ಕಡೆ ತಿರುಗಿ
"ಮತ್ತೆ ಕಾಲೇ" ಎಂದಳು. ಆಮೇಲೆ ಅತ್ತಳು.

ಅತ್ತ, ಜೀಪಿನ ಬಳಿ, ಪೊಲೀಸರು ನಿಂತಿದ್ದರು.
ರಿಫ್ಕಿಯ ಕೈಯಲ್ಲಿ ಚಹದ ಲೋಟ. ಕುಡಿದು ಮುಗಿಸಲಿ ಎಂದು ಕಾದರು.
ಅವನು ನಿಧಾನ ಕುಡಿದ.
ಲೋಟ ಬರಿದಾಗುವ ಮೊದಲೇ
ಯಾರೋ ಬಂದು ತುಂಬಿಸಿದರು.
ಮತ್ತೆ ಇನ್ಯಾರೋ.