ಝೆರಾಕ್ಸ್ ಮುದುಕಿ

ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಹಿಂದೆ
ಹಿಟ್ಟಿನ ಗಿರಣಿಯ ಮೇಲಿನ ಕೋಣೆ.
ಕೆಳಗೆ ಪಟ್ಟಾ ತಿರುಗಿದರೆ ಗೋಡೆಗೆ ನಡುಕ,
ನಮ್ಮ ಗೆರೆಗೂ.
ಮಶಾಕ್ ಮಾಸ್ತರು ಮೊಳೆಗೆ ಸಿಕ್ಕಿಸಿದ್ದು
ಒಂದು ಮುದುಕಿಯ ಮುಖ, ಝೆರಾಕ್ಸಿನ ಝೆರಾಕ್ಸು.
ಯಾವ ದೇಶದವಳೋ, ತಲೆಗೆ ಬಟ್ಟೆ, ಕಣ್ಣು ಕೆಳಗೆ;
ಬರೆದವನು ಸತ್ತು ನಾನ್ನೂರು ವರ್ಷ.
‘ಇಕಿ ನಿಮ್ಮ ಗುರು. ನಾ ಬರೇ ಬಾಗಲಾ ತಗಿಯಾಂವ,’
ಅಂದರು ಮಾಸ್ತರು,
ಮೂವತ್ತು ವರ್ಷ ಟಾಕೀಸಿನ ಗೋಡೆಗೆ
ಹೀರೋಗಳ ಮೀಸೆ ತೀಡಿದ ಕೈಯವರು.

ನಾನು ಕಂಡಕ್ಟರು. ಜೇವರ್ಗಿ ರೂಟು, ದಿನಕ್ಕೆ ಆರು ಸಿಂಗಲ್.
ಇಪ್ಪತ್ತೊಂದು ವರ್ಷದಲ್ಲಿ ಎಷ್ಟು ಮುಖ ದಾಟಿವೆಯೋ ಈ ಚೀಲದ ಮುಂದೆ,
ಒಂದನ್ನೂ ಹೇಳಲಾರೆ.
ಮುಖವೆಂದರೆ ನನಗೆ ಇಳಿಯುವ ಊರು,
ಕೊಡಬೇಕಾದ ಚಿಲ್ಲರೆ.

ಮೊದಲ ವಾರ ಕಣ್ಣು ಬರೆದೆ, ಕಣ್ಣಿನ ಹಾಗೇ:
ಮೀನಿನಾಕಾರ, ನಡುವೆ ಗೋಲಿ.
‘ಇದು ನಿನಗ ಗೊತ್ತಿರೋ ಕಣ್ಣು. ಅಲ್ಲಿ ಇರೋದು ಬರಿ,’
ಎಂದು ಮುದುಕಿಯನ್ನು ತಲೆಕೆಳಗು ಮಾಡಿ ಮತ್ತೆ ಸಿಕ್ಕಿಸಿದರು.
ಈಗ ಮೂಗಿಲ್ಲ, ಬಾಯಿಲ್ಲ.
ಒಂದು ತಗ್ಗು, ಒಂದು ದಿಬ್ಬ,
ಬೇಸಿಗೆಯ ಭೀಮೆ ಹಿಂದೆ ಸರಿದಲ್ಲಿ
ಉಸುಕಿನಂಚಿಗೆ ಉಳಿಯುವಂಥ ನೆರಳು.
ಅದು ತುಟಿಯ ಬುಡವೆಂದು
ಮನೆ ಮುಟ್ಟುವ ಹೊತ್ತಿಗೆ ಹೊಳೆಯಿತು.

ಐದನೆಯ ಪ್ರತಿಗೆ ಕಂಡಿತು, ಗದ್ದಕ್ಕೆ ಎರಡು ಗೆರೆ.
ಒಂದು ತೆಳ್ಳಗೆ, ತಪ್ಪು;
ಪಕ್ಕದಲ್ಲೇ ಒತ್ತಿ ಎಳೆದ ಇನ್ನೊಂದು.
ಅಳಿಸದೆ ಬಿಟ್ಟಿದ್ದಾನೆ ಪುಣ್ಯಾತ್ಮ!
ನಾನು ಸರಿಯಾದದ್ದನ್ನಷ್ಟೇ ಇಳಿಸಿಕೊಂಡೆ.
‘ತಪ್ಪೂ ಬರಿ. ಅಂವ ಎಲ್ಲಿ ನಿಂತು ವಿಚಾರ ಮಾಡಿದ
ಅನ್ನೂದು ಅಲ್ಲೇ ಅದ.’
ಆ ರಾತ್ರಿ ತಪ್ಪನ್ನು ಸರಿಯಾಗಿ ಮಾಡಲು
ಹತ್ತೂವರೆಯ ತನಕ ಹೆಣಗಿದೆ.

ಕೆನ್ನೆಯ ಮೇಲೊಂದು ಕಪ್ಪು ಮಚ್ಚೆ.
ಎಲ್ಲಕ್ಕಿಂತ ಅಕ್ಕರೆಯಿಂದ ತುಂಬುತ್ತಿದ್ದದ್ದು ಅದನ್ನೇ.
ಒಂಬತ್ತನೆಯ ಪ್ರತಿಗೆ ಮಾಸ್ತರು ಕೆಮ್ಮುತ್ತ ನಕ್ಕರು:
‘ಮಚ್ಚಿ ಅಲ್ಲೋ ಗುರುಲಿಂಗ,
ಝೆರಾಕ್ಸ್ ಗಾಜಿನ ಮ್ಯಾಲಿನ ಹೊಲಸು.’

ಸೋಮವಾರ, ಮಧ್ಯಾಹ್ನದ ಟ್ರಿಪ್ಪು.
ಬಾಗಿಲ ಹಿಂದಿನ ಸೀಟಿನಲ್ಲಿ
ಸೊನ್ನೆ ಟಿಕೆಟ್ಟಿನ ಒಬ್ಬ ಹೆಣ್ಣುಮಗಳು, ಸೆರಗು ತಲೆಮೇಲೆ,
ಕಿಟಕಿಯ ಸರಳಿಗೆ ಒರಗಿ ನಿದ್ದೆ.
ಫರಹತಾಬಾದ್ ದಾಟಿತ್ತು.
ಬಸ್ಸು ಕುಣಿದಾಗೆಲ್ಲ ತುಟಿಯ ಬುಡದ ನೆರಳು
ಬಂದು, ಹೋಗಿ, ಬಂದು...
ವೇಬಿಲ್ಲಿನ ಬೆನ್ನಿಗೆ ಬರೆದೆ.
ಗದ್ದಕ್ಕೆ ಏಳು ಗೆರೆ ಬಿದ್ದವು; ರಸ್ತೆಯೂ ಹಾಗಿತ್ತು.
ಹಿಂದಿನಿಂದ ಯಾರೋ ಐನೂರರ ನೋಟು ಆಡಿಸುತ್ತಿದ್ದರು,
ಆಡಿಸಲಿ.

ಕಟ್ಟಿಸಂಗಾವಿಗೆ ಎಚ್ಚರಾದಳು.
ಕಾಗದ ಕಸಿದುಕೊಂಡು ಬಹಳ ಹೊತ್ತು ನೋಡಿದಳು.
ಬೈಗುಳಕ್ಕೆ ಕಾದು ನಿಂತೆ.
ಉಗುರಿನಿಂದ ಕೆನ್ನೆ ಕೆರೆದಳು, ಕಾಗದದ ಕೆನ್ನೆ:
‘ಈ ಮಚ್ಚಿ ನಂದಲ್ರಿ.’
ಇಳಿದು ಹೋದಳು.

ರೈಟ್ ಅನ್ನುವುದು ಮರೆತಿದ್ದೆ.
ಕನ್ನಡಿಯಲ್ಲಿ ಡ್ರೈವರು
ನನ್ನ ಮುಖ ನೋಡುತ್ತಿದ್ದ.