ಮುಕ್ಕಾಲು ಸುತ್ತು

ಬಾಯ್ಲರಿನ ನೀರಿಗೆ ಜೋರಿಲ್ಲ ಅಂತ
ಸೂಗಮ್ಮ ನಸುಕಿನಾಗೇ ಎಬ್ಬಿಸಿದಳು.
"ಬಕೀಟು ತುಂಬೋದ್ರಾಗ ಆರೇ ಹೋಗತೈತಿ,
ಬಾಣಂತಿಗೆ ಎರೆಯೋದು ಹೆಂಗ?
ಇಪ್ಪತ್ತಾರು ವರ್ಷ ಶಕ್ತಿನಗರದಾಗ ಬಾಯ್ಲರ್ ಕಾದೀನಿ ಅಂತೀ,
ಮನೀದೊಂದು ಕಾಯಾಕ ಆಗವಲ್ದೇನು?"

ಕಾದೀನಿ, ಖರೆ.
ಗುಡ್ಡದಂಥ ಬಾಯ್ಲರ್ ಅದು. ನಾ ನೋಡಿದ್ದು ಮಾತ್ರ
ಊಟದ ತಾಟಿನಷ್ಟಗಲದ ಒಂದು ಗೇಜು.
ಮುಳ್ಳು ಕೆಂಪು ಗೆರಿ ಮುಟ್ಟಬಾರದು,
ಹಸಿರು ಬಿಟ್ಟು ಇಳೀಬಾರದು.
ರಾತ್ರಿ ಪಾಳಿಯಾಗ ಮುಳ್ಳಿನ ಕೂಡ ಮಾತಾಡತಿದ್ದೆ.
ಅಮರಿ ಹುಟ್ಟಿದ ಸುದ್ದಿ ಬಂದಾಗಲೂ
ಮೊದಲು ಮುಳ್ಳು ನೋಡಿ, ಆಮೇಲೆ ನಕ್ಕೆ.

ಈ ಬಾಯ್ಲರಿಗೆ ಗೇಜಿಲ್ಲ.
ತಾಮ್ರದ್ದು, ಹಿತ್ತಲ ಮೂಲ್ಯಾಗ, ನನ್ನ ಎದಿಮಟ.
ಗ್ರಾಚ್ಯುಟಿ ರೊಕ್ಕದಾಗ ತೀನ್ ಕಂದೀಲ್ ಹತ್ತಿರ ತಂದದ್ದು.
ಹೊಟ್ಟ್ಯಾಗ ಹತ್ತಿಕಟ್ಟಿಗಿ ಉರೀತಾವ
ಚಟಚಟ, ಎಲ್ಲಿಗೋ ಹೊತ್ತಾದವರಂಗ.

"ಜೋರು ಹೋದ್ರ ಬೆಂಕಿ ಬೈಬ್ಯಾಡ,
ನೀರಿನ ದಾರಿ ಹಿಡಿ" ಅಂತಿದ್ದ
ಫೋರ್ಮನ್ ರಹಮತ್ ಸಾಬ್.
ಹಿಡಿದೆ. ಮ್ಯಾಲಿನ ಟಾಕಿ ತುಂಬೇ ಐತಿ,
ಅಂಚಿನ ಮ್ಯಾಲ ಕಾಗಿ ಕುಂತು ನೀರು ಕುಡೀತಿತ್ತು.
ಇಳಿಯೋ ಪೈಪಿಗೆ ಪಾನಾದಿಂದ ತಟ್ಟುತ್ತ ಬಂದೆ,
ಕಟ್ಟಿಕೊಂಡ ಪೈಪು ಮಂಕು ದನಿ ಕೊಡತೈತಿ,
ಇದು ಗಂಟಿಯಂಗ ಅಂತು.
ಜಾಳಿಗಿ ಬಿಚ್ಚಿದೆ: ಒಂದು ಬಸವನಹುಳದ ಚಿಪ್ಪು,
ಚಿಟಿಕಿ ಉಸುಕು, ಟೇಪಿನ ಬಿಳಿ ಎಳಿ.
ಬೋರಿನ ನೀರು, ಬ್ಯಾಳಿ ಬೇಯಲಾರದ ನೀರು,
ಒಳಗ ಸುಣ್ಣ ಬೆಳಿಸೇತಿ; ಆದ್ರೂ ಬೆರಳು ತೂರತೈತಿ.
ಹವಾ ಸಿಕ್ಕೈತೇನಂತ ನಟ್ಟು ಸಡ್ಲಿಸಿದೆ,
ಹವಾ ಇಲ್ಲ, ನನ್ನ ಮಾರಿಗೆ ನೀರು.

ಉಳಿದದ್ದು ಹಿಂದಿನ ವಾಲ್ವು.
ಗ್ವಾಡಿ ಮತ್ತ ಬಾಯ್ಲರಿನ ನಡುವ ಕೈ ತೂರಿಸಿದೆ.
ನಾ ಪೂರಾ ತೆರೆದಿಟ್ಟ ಚಕ್ರ
ಬಲಕ್ಕ ತಿರುಗಿತ್ತು, ಮುಕ್ಕಾಲು ಸುತ್ತು.

ಬ್ಯಾಟರಿ ಹಾಕಿ ನೋಡಿದೆ.
ಕೆಂಪು ಚಕ್ರದ ಮ್ಯಾಲ ಅರಿಷಿಣ.
ಪೂಜಿ ಅರಿಷಿಣ ಅಂದ್ರ ಮೂರು ಗೆರಿ, ನಡುವ ಕುಂಕುಮ.
ಇದು ಹಂಗಿಲ್ಲ. ಕೆಳಗೊಂದು ಹೆಬ್ಬಟ್ಟು,
ಮ್ಯಾಲ ನಾಲ್ಕು ಬೆರಳು, ಬಿಗಿ ಹಿಡಿದ ಗುರುತು.

ಈ ಮನ್ಯಾಗ ಅರಿಷಿಣದ ಮೈ ಒಂದೇ.

ಹನ್ನೊಂದು ದಿನದಿಂದ ಬಚ್ಚಲ ಬಾಗಿಲಾಚೆ ಕೇಳೀನಿ,
ದಬದಬ ಬೀಳೋ ನೀರು, ಹಬಿ,
"ಸಾಕವ್ವಾ" ಅನ್ನೋ ಸಣ್ಣ ದನಿ,
"ಸುಮ್ಕಿರು, ನಡಾ ಗಟ್ಟಿ ಆಗಬೇಕಿಲ್ಲೇನು,
ನಿಮ್ಮಜ್ಜಿ ನನಗ ಇದಕ್ಕಿಂತ ಸುಡುನೀರು ಎರದಾಳ."
ಕೇಳಿ, ಚಾ ಕುಡದು, ಪೇಪರ್ ಮಡಚಿಟ್ಟೀನಿ.

ಅಲ್ಲಿ ಒತ್ತಡ ಮೀರಿದ್ರ ಸೇಫ್ಟಿ ವಾಲ್ವು ಚೀರತಿತ್ತು,
ದೇವಸೂಗೂರಿನ ತನಕ.
ಸಣ್ಣಾಕಿದ್ದಾಗ ಅಮರಿ ಲುಂಗಿ ಹಿಡಕೊಂಡು
"ಅಪ್ಪಾ, ಅದಕ್ಕ ನೋಯಾಕ ಹತ್ತೈತೇನು?" ಅಂದಿದ್ದಳು.
ಇಲ್ಲವ್ವಾ, ಒಡೀಬಾರದಂತ ಚೀರತೈತಿ, ಅಂದಿದ್ದೆ.
ಈಗ ಯಾವಾಗೋ ಎದ್ದು, ಕೂಸು ಮಲಗಿದ ಹೊತ್ತು ನೋಡಿ,
ಹೊಲಿಗಿ ಬಿಗಿಯೋ ಮೈ ಬಗ್ಗಿಸಿ,
ಕತ್ತಲಾಗ ಈ ಸಂದಿಗೆ ಕೈ ಹಾಕ್ಯಾಳ.
ಸಪ್ಪಳಿಲ್ಲ.

ಚಕ್ರ ಇದ್ದಲ್ಲೇ ಬಿಟ್ಟೆ.
ಲುಂಗಿಯ ತುದಿಯಿಂದ ಬೆರಳಗುರುತು ಒರಸಿದೆ.

"ಸುಣ್ಣ ಕಟ್ಟೈತಿ" ಅಂದೆ ಸೂಗಮ್ಮಗ,
"ಸಾಮಾನು ಹೈದರಾಬಾದಿಂದ ಬರಬೇಕು. ಖಾಸೀಂಗ ಹೇಳ್ತೀನಿ.
ಹದಿನೈದಿಪ್ಪತ್ತು ದಿನ ಅನ್ನು.
ಅಲ್ಲೀತನಕ ಬಂದಷ್ಟು ಎರಿ."

ಅಕಿ ನನ್ನ ಮಾರಿ ನೋಡಲಿಲ್ಲ, ಕೈ ನೋಡಿದಳು.
ಉಗುರಿನ ಸಂದ್ಯಾಗ ಹಳದಿ.
ಗಳಿಗಿ ಹೊತ್ತು ಹಂಗೇ ನಿಂತಳು.
ಆಮೇಲೆ ಬಗ್ಗಿ, ಉರಿಯೋ ಹತ್ತಿಕಟ್ಟಿಗಿಯೊಳಗಿಂದ
ಎರಡನ್ನ ಹೊರಗ ಎಳೆದು
ಬೂದಿಗೆ ಒತ್ತಿದಳು.